ಕೂಗದ ಕುಕ್ಕರ್

ಕಾಪು,
ಭಾನುವಾರ

ಶರ್ಮಿಳಕ್ಕನಿಗೆ ಕುಶಲಾಳ ನಮಸ್ಕಾರ.

ನಿಮ್ಮ ಹೋಂಸ್ಟೇಗೆ ನಾಳೆಯಿಂದ ನನ್ನ ಬದಲಿಗೆ ಮಣಿಪಾಲದ ಹೊಸ ಅಡುಗೆಯವನು ಬರುತ್ತಾನೆಂದು ಕೇಳಿದೆ. ಅದಕ್ಕೆ ಮೊದಲು ನನ್ನ ಮಾತನ್ನೂ ಕೇಳಿ.

ಮುಂಬೈಯ ಅತಿಥಿಯ ಸ್ಟೀಕ್ ಕೆಡಿಸಿದ್ದು ನಾನೇ. ಇಡಿಯಾಗಿಯೇ ಬಡಿಸಬೇಕಿದ್ದ ಅಂಗೈಯಗಲದ ಮಾಂಸದ ತುಂಡುಗಳನ್ನು ನಿಮ್ಮ ಕರೆಂಟಿನ ಕುಕ್ಕರಿನಲ್ಲಿಟ್ಟು ಮೂರು ಕೂಗಿಗೆ ಕಾದೆ. ಅದು ಟುಂಯ್ ಎಂದು ಸುಮ್ಮನಾಯಿತು. ಕೂಗದೆ ಬೇಯಿಸುವ ಕುಕ್ಕರ್ ಉಂಟೆಂದು ನನಗೇನು ಗೊತ್ತು? ಮತ್ತೆರಡು ಸಲ ಗುಂಡಿ ಒತ್ತಿದೆ. ಮುಚ್ಚಳ ತೆಗೆದರೆ ಮಾಂಸ ತೆಂಗಿನ ನಾರಿನಂತೆ ಎಳೆ ಎಳೆಯಾಗಿ ಸೌಟಿಗೆ ಬಂತು.

ಅದನ್ನು ಕಂಡು ಆ ಅತಿಥಿ ನಿಮಗೆ ಫೋನಿನಲ್ಲಿ ದೂರಿದ್ದು ಊಟಕ್ಕೆ ಮೊದಲು. ಊಟದ ಹೊತ್ತಿನದ್ದನ್ನು ನಿಮಗೆ ಯಾರೂ ಹೇಳಿಲ್ಲ. ಎಳೆಯಾದ ಆ ಮಾಂಸವನ್ನೇ ತುಪ್ಪದಲ್ಲಿ, ಬ್ಯಾಡಗಿ ಮೆಣಸಿನ ಮಸಾಲೆಯೊಂದಿಗೆ ಹುರಿದು ನೀರುದೋಸೆಯ ಜೊತೆ ಬಡಿಸಿದೆ. "ಎಂತದಕ್ಕ ಇದು? ಇನ್ನೆರಡು ದೋಸೆ ಉಂಟಾ?" ಎನ್ನುತ್ತ ಅವರೇ ಬಟ್ಟಲು ಹಿಡಿದು ಅಡುಗೆಮನೆಗೆ ಬಂದರು.

ಇವತ್ತು ಅದನ್ನೇ ಬೇಕೆಂದೇ ಮಾಡಿ ಡಬ್ಬಿಯಲ್ಲಿ ಕಳುಹಿಸಿದ್ದೇನೆ. ಅಡುಗೆಮನೆಯ ಕೀಲಿಕೈಯೂ ಜೊತೆಗುಂಟು. ರುಚಿ ಹಿಡಿಸದಿದ್ದರೆ ಕೀಲಿಕೈಯನ್ನು ಹೊಸಬನಿಗೆ ಕೊಡಿ. ಡಬ್ಬಿ ಖಾಲಿಯಾದರೆ ತೊಳೆದು, ಕೀಲಿಕೈಯನ್ನು ಅದರೊಳಗೆ ಹಾಕಿ ಈ ಸಂಜೆಯೇ ಕಳುಹಿಸಿ. ನಾಳೆಯ ದೋಸೆಗೆ ಅಕ್ಕಿ ನೆನೆಹಾಕಿಯೇ ಬೀಗ ಹಾಕಿದ್ದೇನೆ.

ಇತಿ,
ನಿಮ್ಮ ಅಡುಗೆಯ ಕುಶಲಾ