ಸರಿಯಾಗಿ ಹತ್ತು ಡಿಗ್ರಿ

ಪಯ್ಯೋಳಿ
8 ಆಗಸ್ಟ್ 2025, ಶುಕ್ರವಾರ

ಪ್ರೀತಿಯ ಅಮ್ಮಾ,

ಎಂಟನೇ ಬಿ ತರಗತಿಯ ಹೆಸರಿನ ಚಕ್ರದಲ್ಲಿ ನನ್ನ ಹೆಸರಿಲ್ಲ. ಇಂದು ಗಣಿತದ ಪೀರಿಯಡ್‌ನಲ್ಲಿ ಇದು ಎಲ್ಲರಿಗೂ ಗೊತ್ತಾಯಿತು. ಪತ್ತೆ ಮಾಡಿದವಳು ನನ್ನ ಪಕ್ಕ ಕೂರುವ ಹಸ್ನಾ.

ಜೂನ್‌ನಲ್ಲಿ ಆ ವೆಬ್ ಪುಟ ಮಾಡಿಕೊಟ್ಟವಳು ನೀನಾದ್ದರಿಂದ ನಿನಗೇ ಬರೆಯುತ್ತಿದ್ದೇನೆ. ಪರದೆಯ ಮೇಲೆ ಚಕ್ರ ತಿರುಗಿ ಯಾರ ಹೆಸರಿಗೆ ನಿಂತಿತೋ ಅವರೇ ಎದ್ದು ಉತ್ತರ ಹೇಳಬೇಕಲ್ಲ? ಇಂದು ಕೋನಗಳ ಪಾಠ. ಗಣಿತ ಕಲಿಸುವ ಪ್ರದೀಪನ್ ಮಾಷ್ ಚಕ್ರ ನಿಲ್ಲಿಸಿ, ಒಂದು ಹೆಸರಿನ ಹೋಳು ಎಷ್ಟು ಡಿಗ್ರಿ, ಅಳೆಯಿರಿ ಎಂದರು. ಹಸ್ನಾ ಪರದೆಯ ಕೋನಮಾಪಕವನ್ನು ಬೆರಳಿನಿಂದ ಎಳೆದು ಇಟ್ಟಳು. ಸರಿಯಾಗಿ ಹತ್ತು.

"ಹತ್ತಂದ್ರೆ ಮೂವತ್ತಾರೇ ಜನ ಆಯ್ತಲ್ಲ ಮಾಷೇ? ನಾವು ಮೂವತ್ತೇಳು!" ಎಂದಳು.

"ಅಳೆಯೋಕ್ ಬರಲ್ಲ ನಿಂಗೆ, ಆಚೆ ಸರಿ," ಎಂದು ಅಭಿನ್ ತಾನೇ ಅಳೆದ. ಹತ್ತೇ.

ಎಲ್ಲರೂ ಸೇರಿ ಒಂದೊಂದೇ ಹೆಸರು ಓದಿದೆವು. ಕೊನೆಗೆ ಇಡೀ ತರಗತಿ ನನ್ನ ಕಡೆ ತಿರುಗಿತು.

"ಟೀಚರ್ ಮಗಳಲ್ವಾ, ಚಕ್ರಕ್ಕೂ ಹೆದ್ರಿಕೆ!" ಎಂದ ಅಭಿನ್. ನಾನೂ ನಕ್ಕೆ.

ಟೈಪ್ ಮಾಡುವಾಗ ಬಿಟ್ಟುಹೋಗಿರಬೇಕು ಎಂದರು ಮಾಷ್. "ಸೇರಿಸ್ಲಾ ಮಗಳೇ?" ಎಂದು ಕೇಳಿದರು. ಸೇರಿಸಿ ಎನ್ನಲು ಹೊರಟೆ. ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡೆ. ತಲೆಯಾಡಿಸಬಹುದಿತ್ತು, ಆದರೆ ಬಾಯಲ್ಲೇ ಹೇಳಬೇಕು ಅನ್ನಿಸಿತು. ಅವರು ಸ್ವಲ್ಪ ಕಾದು, "ಇರ್ಲಿ ಬಿಡು, ಅಮ್ಮನ್ನೇ ಕೇಳ್ತೀನಿ," ಎಂದು ಪುಟ ಮುಚ್ಚಿದರು.

ಅವರು ಫೋನ್ ಮಾಡಿದಾಗ ಸೇರಿಸಿ ಎಂದಷ್ಟೇ ಹೇಳು. ತೊದಲುತ್ತಾಳೆ, ಸುಲಭದ್ದು ಕೇಳಿ ಎನ್ನಬೇಡ. ಉತ್ತರ ನನಗೆ ಬರುತ್ತದೆ, ಹೇಳಲು ಹೊತ್ತು ಹಿಡಿಯುತ್ತದೆ ಅಷ್ಟೇ.

ಮನೆಗೆ ಬಂದು ಮುನ್ನೂರ ಅರವತ್ತನ್ನು ಮೂವತ್ತೇಳರಿಂದ ಭಾಗಿಸಿದೆ. 9.729729... ಅವೇ ಮೂರು ಅಂಕಿ ಮತ್ತೆ ಮತ್ತೆ ಬರುತ್ತವೆ, ಮುಗಿಯುವುದೇ ಇಲ್ಲ. ನಾನೊಬ್ಬಳು ಸೇರಿದರೆ ಯಾಕೆ ಹೀಗಾಗುತ್ತದೆ? ಇದನ್ನು ತರಗತಿಯಲ್ಲಿ ಎದ್ದು ನಿಂತು ಕೇಳಬೇಕು.

ಫೋನಿನಲ್ಲಾದರೆ ನನ್ನ ವಾಕ್ಯವನ್ನು ನೀನೇ ಮುಗಿಸಿಬಿಡುತ್ತೀಯ. ಅದಕ್ಕೇ ಈ ಕಾಗದ. ನಾಳೆ ನೀನಿರುವ ಶಿಕ್ಷಕರ ತರಬೇತಿ ಕೇಂದ್ರಕ್ಕೆ ಬರುವ ಅಪ್ಪನ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ.

ನಿನ್ನ ಮಗಳು,
ತೀರ್ಥ

ಮರೆತಿದ್ದೆ: ಹೆಸರು ಬಿಟ್ಟುಹೋದದ್ದಲ್ಲ. ನೀನು ಅದನ್ನು ಅಳಿಸುವಾಗ ನಾನು ನಿನ್ನ ಕುರ್ಚಿಯ ಹಿಂದೆಯೇ ನಿಂತಿದ್ದೆ. ಆಗ ನನಗೂ ಸಮಾಧಾನವೇ ಆಗಿತ್ತು. ಯಾರಿಗೂ ಹೇಳಿಲ್ಲ. ಸೋಮವಾರ ಮೂರನೇ ಪೀರಿಯಡ್ ಗಣಿತ.