ಹೊಸ ಮರಳು ಹಾಸಿದ ವಾರ

ಮನೆಯಿಂದ,
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ನನ್ನ ಮುದ್ದಿನ ಮರಳಿನ ಮರುಳಿಗೆ,

ಹೇಗಿದ್ದೀಯೇ? ಸಂಶೋಧನೆಯ ಹಡಗು ಹತ್ತಿದಾಗಿನಿಂದ ತಿಂದದ್ದೆಲ್ಲ ವಾಪಸ್ಸು ಬರುತ್ತಿದೆ ಎಂದು ಬರೆದಿದ್ದೆ. ಈಗಲಾದರೂ ನಿಂತಿತೇ? ಹೆದರಿ ಊಟ ಬಿಡಬೇಡ, ಖಾಲಿ ಹೊಟ್ಟೆಯಲ್ಲೇ ತಲೆ ಹೆಚ್ಚು ತಿರುಗುವುದು. ನನ್ನ ಮೊಣಕಾಲು ಎಂದಿನಂತೆ ಗೊಣಗುತ್ತಿದೆ. ನಿನ್ನ ಗಂಡನೂ ಗೊಣಗುತ್ತಾನೆ, ಆದರೆ ಅವನಿಗೆ ಮುಲಾಮು ಹಚ್ಚುವಂತಿಲ್ಲ.

ನೀನು ವಹಿಸಿಹೋದ ಕೆಲಸವನ್ನು ಒಂದು ವಾರವೂ ತಪ್ಪಿಸಿಲ್ಲ. ಸಮುದ್ರದ ನೀರು ಇಳಿದ ಹೊತ್ತು ನೋಡಿಕೊಂಡು, ಪಾಲಿಯೆಸ್ಟರ್ ಎಳೆ ಮರಳಿಗೆ ಬೀಳದಂತೆ ಹತ್ತಿ ಬಟ್ಟೆಯನ್ನೇ ಹಾಕಿಕೊಂಡು ತೀರಕ್ಕೆ ಹೋಗಿ, ನೀನು ತೋರಿಸಿದ ಜಾಗದಲ್ಲಿ ಅಳತೆಯ ಚೌಕಟ್ಟು ಇಟ್ಟು, ಮೇಲಿನ ಮರಳನ್ನು ಸ್ಟೀಲ್ ಚಮಚದಿಂದ ಗಾಜಿನ ಜಾಡಿಗೆ ತುಂಬಿ ನಿನ್ನ ಪ್ರಯೋಗಾಲಯಕ್ಕೆ ಮುಟ್ಟಿಸುತ್ತಿದ್ದೇನೆ. ವಾಕಿಂಗಿಗೆ ಬರುವವರು ಮೊದಲ ಸಲ ನಾನು ಉಂಗುರ ಕಳೆದುಕೊಂಡಿದ್ದೇನೆಂದು ತಿಳಿದು ತಾವೂ ಕೂತು ಕೆದಕಿದರು, ಪಾಪ. ಪ್ಲಾಸ್ಟಿಕ್ ಚೂರು ಹುಡುಕುತ್ತಿದ್ದೇನೆ ಎಂದರೆ, "ಎಲ್ರೀ, ಒಂದೂ ಕಾಣ್ತಿಲ್ವಲ್ಲ" ಎಂದರು. ಕಾಣದೆ ಇರುವುದೇ ತೊಂದರೆ ಎಂದು ನಿನ್ನ ಮಾತನ್ನೇ ಅವರಿಗೆ ಒಪ್ಪಿಸಿದೆ.

ಈ ಸೋಮವಾರ ಹೋದರೆ ತೀರದುದ್ದಕ್ಕೂ ಲಾರಿಗಳು. ಅಲೆ ಕೊರೆದು ತಿಂದ ದಂಡೆಯನ್ನು ಪ್ರವಾಸಿಗರು ಬರುವುದರೊಳಗೆ ಸರಿಮಾಡಬೇಕಂತೆ. ಬಂದರಿನ ಹೂಳೆತ್ತಿದ ಮರಳನ್ನು ತಂದು ಹರಡುತ್ತಿದ್ದರು. ನಿನ್ನ ಜಾಗ ಆಗಲೇ ಮುಚ್ಚಿಹೋಗಿತ್ತು. ಹಳದಿ ಹೆಲ್ಮೆಟ್ ಹಾಕಿಕೊಂಡು ಚಾಲಕರ ಮೇಲೆ ಕೂಗಾಡುತ್ತಿದ್ದವನು ಬೇರೆ ಯಾರೂ ಅಲ್ಲ, ನನ್ನ ಮಗ, ನಿನ್ನ ಗಂಡ. ಸ್ವಂತವಾಗಿ ಮೊದಲ ಗುತ್ತಿಗೆ ಹಿಡಿದಿದ್ದೇನೆ ಎಂದು ಹಿಗ್ಗಿದ್ದನಲ್ಲ, ಅದು ಇದೇ. ನಾನು ಹೊಸ ಮರಳಿನ ಮೇಲೇ ಚೌಕಟ್ಟು ಇಟ್ಟು ಕೂತೆ. "ಏಳಮ್ಮಾ, ಜನ ನೋಡ್ತಿದಾರೆ" ಎಂದ. "ನೋಡ್ಲಿ ಬಿಡು, ನಾನೇನು ಕದೀತಿದೀನಾ?" ಎಂದು ಜಾಡಿ ತುಂಬಿಸಿಕೊಂಡೇ ಎದ್ದೆ.

ಜಾಡಿಯ ಜೊತೆಗೆ ಬೇರೆ ಒಂದು ಹಿಡಿ ಮರಳನ್ನೂ ತಂದಿದ್ದೆ. ನೀನು ಒಮ್ಮೆ ಮಾಡಿ ತೋರಿಸಿದ್ದೆಯಲ್ಲ, ಹಾಗೆ ಗಾಜಿನ ಬೋಗುಣಿಯ ನೀರಿನಲ್ಲಿ ಕರಗುವಷ್ಟೂ ಉಪ್ಪು ಕರಗಿಸಿ, ಅದಕ್ಕೆ ಸುರಿದು ಕಲಕಿದೆ. ಮರಳು ತಳ ಸೇರಿತು. ಮೇಲೆ ತೇಲಿದ್ದನ್ನು ಏನು ಹೇಳಲಿ! ನೀಲಿ ಚೂರು, ಬಿಳಿ ಚೂರು, ಬಲೆಯ ಎಳೆ, ಸಾಸಿವೆಯಂಥ ಪ್ಲಾಸ್ಟಿಕ್ ಉಂಡೆಗಳು. ಹಳೆಯ ಮರಳಿನಲ್ಲಿ ಕನ್ನಡಕ ಹಾಕಿಕೊಂಡು ಹುಡುಕಬೇಕಿತ್ತು, ಇದರಲ್ಲಿ ಕನ್ನಡಕ ತೆಗೆದಿಟ್ಟರೂ ಕಾಣುತ್ತಿತ್ತು.

ಸಂಜೆ ಅವನು ಬಂದಾಗ ಬೋಗುಣಿಯನ್ನು ಮೇಜಿನ ಮೇಲಿಟ್ಟೆ. ಬೆರಳದ್ದಿ ನೋಡಿದ. ಆಮೇಲೆ, "ಜಾಡಿ ಕಳಿಸ್ಬೇಡಮ್ಮಾ. ರಿಪೋರ್ಟ್ ಬಂದ್ರೆ ಕೆಲ್ಸ ನಿಲ್ಲಿಸ್ತಾರೆ, ಮತ್ತೆ ಯಾರೂ ನನ್ನ ಕರೆಯಲ್ಲ" ಎಂದ. ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವನು ಬೇಡಿಕೊಂಡ. ಚಿಕ್ಕವನಿದ್ದಾಗಲೂ ಹಾಗೆ ಬೇಡಿದವನಲ್ಲ. ಆ ಮರಳಿನಲ್ಲಿ ಮಕ್ಕಳು ಗೂಡು ಕಟ್ಟುತ್ತಾರೆ, ಏಡಿಗಳು ಬಿಲ ತೋಡುತ್ತವೆ, ಉಳಿದದ್ದನ್ನು ಅಲೆ ಒಯ್ಯುತ್ತದೆ. ಎಲ್ಲ ಗೊತ್ತಿದ್ದೂ ಜಾಡಿಯನ್ನು ಕಪಾಟಿನಲ್ಲೇ ಇಟ್ಟೆ. ಚಹಾಕ್ಕೆ ಸಕ್ಕರೆ ತೆಗೆಯುವಾಗೆಲ್ಲ ಅದರ ಕಡೆ ನೋಡದೆ ಕೈ ಹಾಕುತ್ತಿದ್ದೆ.

ಉಳಿದಂತೆ ಮನೆಯಲ್ಲಿ ಕ್ಷೇಮ. ನಿನ್ನ ಕಿಟಕಿಯ ಗಿಡಗಳಲ್ಲಿ ಒಂದು ನನ್ನ ಅತಿಯಾದ ಪ್ರೀತಿಗೆ ಕೊಳೆಯಿತು, ಕ್ಷಮಿಸು. ಹಡಗಿನ ಅಡುಗೆಯವರಿಗೆ ನನ್ನ ನಮಸ್ಕಾರ ಹೇಳು, ನಿನಗೆ ಇನ್ನೊಂದು ತುತ್ತು ಹೆಚ್ಚು ಬಡಿಸಲಿ. ನೂರು ಕಾಲ ಗಟ್ಟಿಯಾಗಿರು ಮಗಳೇ.

ನಿನ್ನ,
ಅತ್ತೆ

ತಾ.ಕ.: ಅಂಚೆಯವರು ಬರುವ ಹೊತ್ತಾಯಿತು. ಜಾಡಿಯನ್ನು ಇವತ್ತು ಬೆಳಿಗ್ಗೆ ಪ್ರಯೋಗಾಲಯಕ್ಕೆ ಕೊಟ್ಟುಬಂದೆ. ಕದ್ದು ಹೋಗಲಿಲ್ಲ, ಅವನಿಗೆ ಹೇಳಿಯೇ ಹೋದೆ. ತಿಂಡಿಯ ತಟ್ಟೆ ಬಿಟ್ಟು ಎದ್ದುಹೋದವನು ಇನ್ನೂ ಮನೆಗೆ ಬಂದಿಲ್ಲ. ನೀನು ಮುಂದಿನ ಬಂದರು ಮುಟ್ಟಿದ ಕೂಡಲೇ ಅವನು ಫೋನ್ ಮಾಡಿ ನನ್ನ ಮೇಲೆ ದೂರು ಹೇಳುತ್ತಾನೆ. ಆಗ ನನ್ನ ಪರ ವಹಿಸಬೇಡ ಕಣೇ. ನಾವಿಬ್ಬರೂ ಒಂದಾದರೆ ಅವನಿಗೆ ಯಾರಿದ್ದಾರೆ?