ಕೊರಳಿನ ಅಳತೆ

ಕೊಡಿಗೇನಹಳ್ಳಿ
ಮೇ 14, ಗುರುವಾರ

ಮಗಳೇ ಹರ್ಷಿತಾ,

ಹೇಗಿದ್ದೀಯ? ಹಿಮ ಕರಗಿದ ಹೊಳೆಯ ಥಂಡಿಗೆ ಕೈಬೆರಳು ಮರಗಟ್ಟುವುದು ಕಡಿಮೆಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡು. ಇಲ್ಲಿ ನನ್ನ ಮಂಡಿನೋವು ಇದ್ದ ಹಾಗೇ ಇದೆ. ಲಗ್ನದ ಕಾಲ, ರವಿಕೆ ಹೊಲಿದು ಹೊಲಿದು ಸೊಂಟ ಬಿದ್ದುಹೋಗಿದೆ. ಬಟ್ಟೆ ಕೊಟ್ಟವರೆಲ್ಲ ನಾಳೆಯೇ ಬೇಕು ಅನ್ನುವವರೇ. ಹೋದ ವರ್ಷ ನಿನ್ನ ದೋಣಿ ಮಗುಚಿದ ವಿಡಿಯೊ ನೋಡಿದಾಗಿನಿಂದ ನಿಮ್ಮಪ್ಪನಿಗೆ ಮಾತೇ ಕಡಿಮೆ, ಅದು ನಿನಗೂ ಗೊತ್ತು. ನಿಮ್ಮ ಕ್ಯಾಂಪಿನಲ್ಲಿ ಫೋನು ಸಿಗುವುದಿಲ್ಲವಲ್ಲ, ಅದಕ್ಕೇ ಈ ಕಾಗದ. ನಿನ್ನ ಜೊತೆ ದೋಣಿ ನಡೆಸುವ ಕಿರಣ್‌ಕುಮಾರನ ಕೈಲಿ ಕೊಡುತ್ತಿದ್ದೇನೆ. ಹೊಳೆಗೆ ಇಳಿಯುವಾಗ ನೀನು ತೊಡುವ ನೀರು ಸೋರದ ಸೂಟೂ ಅವನ ಜೊತೆಗೇ ಬರುತ್ತಿದೆ.

ಆ ಸೂಟಿನ ಕಥೆ ಹೇಳಬೇಕು, ಬೈಯಬೇಡ. ರಜೆ ಮುಗಿಸಿ ಹೊರಡುವಾಗ ಅದರ ರಬ್ಬರಿನ ಕೊರಳುಪಟ್ಟಿಯನ್ನು ನಮ್ಮ ಪಾಯಸದ ತಪ್ಪಲೆಗೆ ಎಳೆದು ಕೂರಿಸಿ, "ಹೊಸದು, ಕತ್ತು ಹಿಸುಕ್ತೈತೆ ಕಣಮ್ಮ, ಸ್ವಲ್ಪ ಹಿಗ್ಗಲಿ. ನೀರು ಒಳಕ್ಕೆ ಬರಬಾರ್ದು, ಉಸಿರೂ ಆಡ್ಬೇಕು. ಕಿರಣ ಬಂದಾಗ ಕೊಟ್ಟುಬುಡಿ" ಅಂದೆಯಲ್ಲ. ನಡುಮನೆಯಲ್ಲಿ ತಪ್ಪಲೆಯೇ ತಲೆಯಾಗಿ ಕೂತಿದ್ದ ಅದನ್ನು ನೋಡಿ, ಹೆಪ್ಪಿಗೆ ಮೊಸರು ಕೇಳಲು ಬಂದ ಪಕ್ಕದ ಮನೆ ಕೊಲ್ಲಾಪುರಮ್ಮ ಹೊಸಿಲಲ್ಲೇ ನಿಂತುಬಿಟ್ಟರು. ಅದರ ಸುತ್ತ ಗುಡಿಸಿ ಗುಡಿಸಿ ನನಗೂ ಸಾಕಾಗಿತ್ತು.

ಎಣ್ಣೆ ಸೋಕಿದರೆ ರಬ್ಬರು ಹಾಳಾಗುತ್ತದೆ ಅಂತಲೂ ನೀನು ಹೇಳಿ ಹೋಗಿದ್ದೆ. ನಿಮ್ಮಪ್ಪನಿಗೆ ನೆನಪಿರಬೇಕಲ್ಲ. ಬಾಗಿಲು ಕಿರುಗುಟ್ಟಿದರೆ ಹರಳೆಣ್ಣೆ, ಹೊಟ್ಟೆ ಬಿಗಿದರೆ ಹರಳೆಣ್ಣೆ, ಚಪ್ಪಲಿ ಕಚ್ಚಿದರೂ ಹರಳೆಣ್ಣೆ. ಒಂದು ಬೆಳಗ್ಗೆ ನೋಡುತ್ತೇನೆ, ಪಟ್ಟಿಗೂ ಅದನ್ನೇ ಸವರಿದ್ದಾರೆ, ಬೆಲ್ಲದ ಪಾಕದ ಹಾಗೆ ಅಂಟಂಟು. ಬಿಡಿಸಲು ಹೋದರೆ ಕಿತ್ತೇ ಬಂತು. ಕೇಳಿದ್ದಕ್ಕೆ "ಮರ್ತೋಗಿತ್ತು" ಅಂದು ಹೊಲದ ಕಡೆ ಹೊರಟುಹೋದರು. ನನಗೆ ಅಳುವೇ ಬಂತು.

ಕಿರಣ ತನ್ನೂರು ಹೊಳವನಹಳ್ಳಿಯಿಂದ ಬಂದವನು ನೋಡಿ ತಲೆ ಕೆರೆದುಕೊಂಡ. ಪುಣ್ಯಕ್ಕೆ ಅವನ ಹತ್ತಿರ ಹೊಸ ಪಟ್ಟಿಯೊಂದಿತ್ತು, ಅಂಟಿಸಿಕೊಟ್ಟು, ಹೊರಡುವ ದಿನ ಬರುತ್ತೇನೆ ಅಂತ ಹೋದ. ಆದರೆ ಅದು ಮೇಲೆ ಹೋಗುತ್ತಾ ಕಿರಿದಾಗುತ್ತದೆ. ಕತ್ತಿನ ಅಳತೆ ನೋಡಿಕೊಂಡು, ಅದರ ಮೇಲೆ ಮೂಡಿರುವ ಗೆರೆಗಳಲ್ಲಿ ಒಂದೊಂದನ್ನೇ ಕತ್ತರಿಸಬೇಕಂತೆ, ಒಂದು ಗೆರೆ ಹೆಚ್ಚಾದರೂ ನೀರು ನುಗ್ಗುತ್ತದಂತೆ. ರವಿಕೆಯಾದರೆ ಒಳಗೆ ಬಟ್ಟೆ ಬಿಟ್ಟಿರುತ್ತೇನೆ, ಬಿಚ್ಚಿ ಹೊಲಿಯಬಹುದು. ಇದಕ್ಕೆ ಆ ಮಾತೇ ಇಲ್ಲ. ನಿನ್ನ ಕತ್ತನ್ನು ಎಲ್ಲಿಂದ ತರಲಿ ಅಂತ ಕತ್ತರಿ ಹಿಡಿದು ಕೂತಿದ್ದಾಗ ನಿಮ್ಮಪ್ಪ ಬಂದು, "ಅವಳ್ದು ನಂದೇ ಕತ್ತು, ನಂಗೆ ಹಾಕು" ಅಂದರು. ನಿಜವೇ. ನೀನು ಹುಟ್ಟಿದಾಗಲೇ ನಿಮ್ಮಜ್ಜಿ ಅಂದಿದ್ದರು, ಅಪ್ಪನ ಹಾಗೇ ಕೊಕ್ಕರೆ ಕತ್ತು ಅಂತ.

ಬಳೆ ತೊಡಿಸುವಾಗಿನ ಹಾಗೆ ಹೆಬ್ಬೆರಳು ಮಡಿಸಿ ಕೈ ತೂರಿಸಿದೆವು, ಪೌಡರ್ ಹಾಕಿ ತಲೆ ತೂರಿಸಿದೆವು. ಮೊದಲ ಸಲ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ಬಿಚ್ಚುವುದು, ತಪ್ಪಲೆಗೆ ಕೂರಿಸಿ ಒಂದು ಗೆರೆ ಕತ್ತರಿಸುವುದು, ಮತ್ತೆ ತೊಡಿಸುವುದು. ಅವರು ಉಗುಳು ನುಂಗಿ, ಕತ್ತು ಆ ಕಡೆ ಈ ಕಡೆ ತಿರುಗಿಸಿ, "ಇನ್ನೊಂದೀಟು" ಅನ್ನುವುದು. ಈ ಬಿಸಿಲಿನಲ್ಲಿ ಬೆವರು ಧಾರಾಕಾರ. ನನಗೆ ಸಾಕು ಸಾಕಾಯಿತು, ಅವರು ಮಾತ್ರ ಸಾಕು ಅನ್ನಲಿಲ್ಲ. ಕೊನೆಗೆ ಎಲ್ಲೂ ಸಂದಿಲ್ಲದೆ ಕೂತಿತು, ಉಸಿರಿಗೂ ಸಲೀಸಾಯಿತು. ಆದರೂ ಬಿಚ್ಚಲು ಬಿಡಲಿಲ್ಲ. ಹೊತ್ತು ಹೋದ ಮೇಲೆ ತಲೆ ಸುತ್ತುತ್ತದೇನೋ ನೋಡಬೇಕು ಅಂತ ದೀಪ ಹಚ್ಚುವವರೆಗೂ ತೊಟ್ಟುಕೊಂಡೇ ಕೂತಿದ್ದರು.

ಹುಷಾರಾಗಿರು. ಕೊಲ್ಲಾಪುರಮ್ಮ ನಿನ್ನನ್ನು ಕೇಳಿದೆ ಅಂತ ಬರೆಯಲು ಹೇಳಿದ್ದಾರೆ. ಪ್ರತಿ ಸಲವೂ ಗಂಗಮ್ಮ ತಾಯಿ ನಿನ್ನನ್ನು ಕ್ಷೇಮವಾಗಿ ದಡಕ್ಕೆ ತಂದು ಬಿಡಲಿ.

ನಿನ್ನ ಅಮ್ಮ,
ಶಿವಲಕ್ಷ್ಮಿ

ಕಡೆಗೊಂದು ಮಾತು: ಕಿರಣ ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸಿನ ಹೊತ್ತಾಯಿತು. ನಿಮ್ಮಪ್ಪ ಈಗ ಕಾಗದ ಓದಿ, "ಮರ್ತೋಗಿತ್ತು ಅಂತ ಬರೀಬ್ಯಾಡ ಕಣೇ. ಮರ್ತಿರ್ಲಿಲ್ಲ" ಅಂದರು. ಸೂಟು ಹಾಳಾದರೆ ಈ ವರ್ಷ ನೀನು ಹೊಳೆಗೆ ಇಳಿಯುವುದಿಲ್ಲ ಅಂದುಕೊಂಡಿದ್ದರಂತೆ. ಇದು ಸಿಗದಿದ್ದರೆ ನೀನು ಕ್ಯಾಂಪಿನಲ್ಲಿರುವ ಹಳೆಯ ಹರಿದ ಸೂಟಿನಲ್ಲೇ ಇಳಿಯುತ್ತೀಯ ಅಂತ ಕಿರಣ ಬಂದ ದಿನ ಬಾಯಿತಪ್ಪಿ ಹೇಳಿದ. ಆವತ್ತು ನಿಮ್ಮಪ್ಪ ಊಟ ಮಾಡಲಿಲ್ಲ. ಯಾಕೆ ಅಂತ ನನಗೆ ಈಗ ತಿಳಿಯಿತು. ಇದನ್ನು ತೊಟ್ಟೇ ಇಳಿ. ಫೋನು ಸಿಕ್ಕಾಗ ನನಗಲ್ಲ, ಅವರಿಗೆ ಮಾಡು. ಕೊರಳು ಸರಿಯಾಗಿ ಕೂತಿದೆ ಅಂತಷ್ಟೇ ಹೇಳು.